ದೊಡ್ಡಕ್ಷರಗಳನ್ನು ಕಿವಿಗೆ ದಾಟಿಸುವ ಅಕ್ಕ

ಬೀದಿ ಇನ್ನೂ ಪೂರ್ತಿ ಎದ್ದಿಲ್ಲ. ಕೆಳಗಿನ ಬೇಕರಿಯವನು ಅರ್ಧ ಬಾಗಿಲೆತ್ತಿ ಒಲೆಯ ಬಿಸಿಯನ್ನು ಹೊರಗೆ ಬಿಡುತ್ತಿದ್ದಾನೆ. ಮೇಲಿನ ಮಹಡಿಯ ಕೋಣೆಯಲ್ಲಿ ಒಂದೇ ದೀಪ. ಅದರಡಿ ಕಂಪ್ಯೂಟರಿನ ಮುಂದೆ ಕೂತಿರುವ ಹೆಂಗಸು ಪರದೆಯನ್ನು ನೋಡುತ್ತಿಲ್ಲ, ಕಣ್ಣು ಮುಚ್ಚಿಕೊಂಡು ಕೇಳುತ್ತಿದ್ದಾರೆ. ಸ್ಪೀಕರಿನಿಂದ ಯಂತ್ರದ ದನಿಯೊಂದು ಹೊರಡುತ್ತದೆ: "ಸಿ. ಎಚ್. ಎ. ಪಿ. ಟಿ. ಇ. ಆರ್." ಒಂದೊಂದು ಅಕ್ಷರಕ್ಕೂ ಬಾಲ ತುಳಿಸಿಕೊಂಡ ಬೆಕ್ಕಿನಂತೆ ದನಿ ಮೇಲಕ್ಕೆ ಚಿಮ್ಮುತ್ತದೆ.

"ಬಂದ್ಯಾ ಮಹರಾಯ," ಎಂದು ಆಕೆ ಪಿಸುಗುಟ್ಟಿ ಎರಡು ಕೀಲಿ ಒತ್ತುತ್ತಾರೆ. ಮತ್ತೆ ಕಣ್ಣು ಮುಚ್ಚುತ್ತಾರೆ. ಈಗ ಅದೇ ದನಿ ಸಮಾಧಾನವಾಗಿ "ಚಾಪ್ಟರ್" ಎಂದು ಹೇಳಿ, ಚೂರು ತಡೆದು, ಮುಂದಿನ ಸಾಲಿಗೆ ಇಳಿಯುತ್ತದೆ. ಪದ್ಯ ಓದುವವರು ಉಸಿರು ತೆಗೆದುಕೊಳ್ಳುವಷ್ಟೇ ಹೊತ್ತಿನ ತಡೆ. ಆಕೆಯ ಮುಖ ಸಡಿಲಾಗುತ್ತದೆ.

ಕಣ್ಣು ಕಾಣದವರಿಗಾಗಿ ಪುಸ್ತಕಗಳನ್ನು ಸಿದ್ಧಪಡಿಸುವ ಪುಟ್ಟ ಸಂಸ್ಥೆಯ ಕೋಣೆಯಿದು. ಇಲ್ಲಿ ಎಲ್ಲರೂ ಆಕೆಯನ್ನು ಕರೆಯುವುದು ಕ್ಯಾಪಿಟಲ್ ಅಕ್ಕ ಎಂದು. ಸಂಬಳದ ಚೀಟಿಯಲ್ಲಿ ಬೇರೆ ಹೆಸರಿದ್ದೀತು, ಕೂಗಿದರೆ ಓಗೊಡುವುದು ಮಾತ್ರ ಇದಕ್ಕೇ. ಅಚ್ಚಾದ ಇಂಗ್ಲಿಷ್ ಪುಸ್ತಕದ ಪುಟಗಳು ಇವರ ಕಂಪ್ಯೂಟರಿಗೆ ಬರುತ್ತವೆ. ಓದುಗರ ಫೋನು ಅವನ್ನು ಗಟ್ಟಿಯಾಗಿ ಓದಿ ಹೇಳುವಂತೆ ತಿದ್ದಿ ಕಳಿಸುವುದು ಕೆಲಸ. ತಿದ್ದುವವರು ಬೇರೆಯವರೂ ಇದ್ದಾರೆ. ಚಿತ್ರಗಳನ್ನು ಮಾತಿನಲ್ಲಿ ವಿವರಿಸುವವರು ಒಬ್ಬರು, ಕೋಷ್ಟಕಗಳನ್ನು ಬಿಡಿಸುವವರು ಇನ್ನೊಬ್ಬರು. ದೊಡ್ಡಕ್ಷರಗಳು, ಅಂದರೆ ಕ್ಯಾಪಿಟಲ್ ಅಕ್ಷರಗಳು, ಮಾತ್ರ ಅಕ್ಕನ ಪಾಲು.

ನಮ್ಮ ಲಿಪಿಯಲ್ಲಿ ದೊಡ್ಡಕ್ಷರ, ಚಿಕ್ಕಕ್ಷರ ಎಂಬ ಭೇದವಿಲ್ಲ. ಹಾಗಾಗಿ ಇದೂ ಒಂದು ತಲೆನೋವೇ ಎಂದು ನಮಗೆ ತಟ್ಟನೆ ಅನ್ನಿಸುವುದಿಲ್ಲ. ಇಂಗ್ಲಿಷಿನಲ್ಲಿ ಒಂದು ಸಾಲನ್ನು ಪೂರ್ತಿ ದೊಡ್ಡಕ್ಷರದಲ್ಲಿ ಅಚ್ಚು ಹಾಕಿದರೆ ಕಣ್ಣಿಗೆ ಅದು ಎದ್ದು ಕಾಣುತ್ತದೆ. ಕಿವಿಗೆ ಹಾಗಲ್ಲ. ಕೆಲವು ಯಂತ್ರಗಳು ಇಂಥ ಪದವನ್ನು ಹ್ರಸ್ವರೂಪವೆಂದು ತಿಳಿದು ಅಕ್ಷರ ಅಕ್ಷರ ಬಿಡಿಸಿ ಒದರುತ್ತವೆ. ಇನ್ನು ಕೆಲವು ಏನೂ ಆಗಿಲ್ಲವೆಂಬಂತೆ ಓದಿ ಮುಂದೆ ಹೋಗುತ್ತವೆ. ಮೊದಲನೆಯದರಲ್ಲಿ ಕೇಳುವವನಿಗೆ ತಲೆ ಚಿಟ್ಟು ಹಿಡಿಯುತ್ತದೆ. ಎರಡನೆಯದರಲ್ಲಿ ಬರೆದವನು ಒತ್ತಿ ಹೇಳಿದ್ದು ಗಾಳಿಗೆ ಹೋಗುತ್ತದೆ.

"ಬರೆಯೋರಿಗೆ ಕೋಪ ಬಂದ್ರೂ ದೊಡ್ಡಕ್ಷರ, ಪ್ರೀತಿ ಬಂದ್ರೂ ದೊಡ್ಡಕ್ಷರ, ಏನೂ ತೋಚದಿದ್ರೂ ದೊಡ್ಡಕ್ಷರ," ಎಂದು ಅಕ್ಕ ನಗುತ್ತಾರೆ. "ಯಾಕೆ ದೊಡ್ಡದು ಮಾಡಿದ್ದಾರೆ ಅಂತ ಅವರನ್ನ ಕೇಳೋಕಾಗುತ್ತಾ? ನಾವೇ ಅವರ ಮನಸ್ಸಿಗೆ ಇಳೀಬೇಕು."

ಅದಕ್ಕೆ ಅಕ್ಕ ತಮ್ಮದೇ ಒಂದು ಕ್ರಮ ಮಾಡಿಕೊಂಡಿದ್ದಾರೆ. ಪುಸ್ತಕದ ಎಲ್ಲ ದೊಡ್ಡಕ್ಷರದ ಸಾಲುಗಳನ್ನು ಮೂರು ರಾಶಿಗೆ ಹಾಕುತ್ತಾರೆ, ಸೊಪ್ಪು ಸೋಸುವವರ ಹಾಗೆ. ಮೊದಲನೆಯದು ಕರೆಯುವ ರಾಶಿ, ಅಂದರೆ ಅಧ್ಯಾಯದ, ಭಾಗದ ತಲೆಬರಹಗಳು. ಇವನ್ನು ಸಾಮಾನ್ಯ ಅಕ್ಷರಕ್ಕೆ ಇಳಿಸಿ, ಇದು ತಲೆಬರಹ ಎಂದು ಯಂತ್ರಕ್ಕೆ ತಿಳಿಯುವ ಗುರುತು ಅಂಟಿಸುತ್ತಾರೆ. ಆಗ ಕೇಳುವವರು ಒಂದು ತಲೆಬರಹದಿಂದ ಇನ್ನೊಂದಕ್ಕೆ ಬೆರಳ ತುದಿಯಲ್ಲಿ ಹಾರಬಹುದು, ಬೇಡವೆಂದರೆ ತಲೆಬರಹಗಳನ್ನೆಲ್ಲ ಬಿಟ್ಟು ಒಳಗಿನ ಮಾತನ್ನಷ್ಟೇ ಕೇಳಬಹುದು. ಎರಡನೆಯದು ಬಿಡಿಸುವ ರಾಶಿ. ಲಸಿಕೆಗಳ, ಇಲಾಖೆಗಳ ಹ್ರಸ್ವರೂಪಗಳು ಇಲ್ಲಿಗೆ. ಇವನ್ನು ಮುಟ್ಟುವುದಿಲ್ಲ, ಅಕ್ಷರ ಬಿಡಿಸಿ ಓದುವುದೇ ಇಲ್ಲಿ ಸರಿ. ಮೂರನೆಯದು ಕೂಗುವ ರಾಶಿ. ಮಾಡಬೇಡಿ, ಮುಟ್ಟಬೇಡಿ, ಎಚ್ಚರ. ಇವನ್ನೂ ಸಾಮಾನ್ಯ ಅಕ್ಷರಕ್ಕೆ ಇಳಿಸಬೇಕು, ಆದರೆ ಕೂಗು ಉಳಿಯಬೇಕು. ಸಾಲಿನ ಮುಂದೆ 'ಎಚ್ಚರಿಕೆ' ಎಂಬ ಪದವನ್ನೇ ಸೇರಿಸುತ್ತಾರೆ, ಹಿಂದೆ ಮುಂದೆ ಮೌನ ಇಡುತ್ತಾರೆ.

"ಮೂರನೇ ರಾಶಿ ಕೈಗೆ ಬಂದಾಗ ನಾನು ಕಾಫಿ ಕುಡಿಯೋದೂ ನಿಲ್ಲಿಸ್ತೀನಿ," ಎನ್ನುತ್ತಾರೆ. ಸಾದಾ ಕತೆ ಪುಸ್ತಕವಾದರೆ ದಿನಕ್ಕೆ ನೂರು ಪುಟ ದಾಟುತ್ತದೆ. ಔಷಧ, ಯಂತ್ರ, ಕಾನೂನು ಎಂದರೆ ಇಪ್ಪತ್ತು ಮುಗಿದರೆ ಪುಣ್ಯ.

ಅಕ್ಕ ಮೊದಲು ಇದೇ ಕೋಣೆಯಲ್ಲಿ ಓದುಗಿತ್ತಿಯಾಗಿದ್ದವರು. ಸದ್ದು ತಡೆಯಲು ಗೋಡೆಗೆ ಹೊಡೆದಿರುವ ಸ್ಪಂಜು, ಎರಡು ಪದರದ ಕಿಟಕಿ, ಎಲ್ಲವೂ ಆ ಕಾಲದವು. ಮೈಕಿನ ಮುಂದೆ ಕೂತು ಪುಸ್ತಕ ಓದುತ್ತಿದ್ದರು, ಅದು ಧ್ವನಿಮುದ್ರಣವಾಗಿ ಮನೆಮನೆಗೆ ಹೋಗುತ್ತಿತ್ತು. ಕುತ್ತಿಗೆಯಲ್ಲಿ ಗಂಟು ಕಾಣಿಸಿಕೊಂಡು ಶಸ್ತ್ರಚಿಕಿತ್ಸೆಯಾಯಿತು. ದೇವರ ದಯೆ, ಜೀವಕ್ಕೆ ಏನೂ ಆಗಲಿಲ್ಲ. ಆದರೆ ಎಚ್ಚರವಾಗಿ ನೀರು ಕೇಳಲು ಬಾಯಿ ತೆರೆದರೆ ಬರೀ ಉಸಿರು ಬಂತು. ಅಂದಿನಿಂದ ಇಂದಿನವರೆಗೆ ಆಕೆಯ ಮಾತು ಪಿಸುಮಾತೇ.

"ಮನೆಯಲ್ಲಿ ಒಂದು ವರ್ಷ ಸುಮ್ಮನೆ ಕೂತಿದ್ದೆ. ಗಂಟಲಿಗೆ ಬೀಗ ಬಿದ್ದ ಮೇಲೆ ಓದುಗಿತ್ತಿ ಯಾವ ಕೆಲಸಕ್ಕೆ ಹೇಳಿ?" ಎನ್ನುವಾಗ ಅಕ್ಕನ ಬೆರಳು ಕುತ್ತಿಗೆಯ ಗೆರೆಯ ಮೇಲೆ ಆಡುತ್ತದೆ. ದರ್ಜಿಯಾಗಿರುವ ಗಂಡ ತಮಾಷೆಗೆ ಈಗಲೂ ಅನ್ನುವುದುಂಟು: "ಊರಿಗೆಲ್ಲ ನಷ್ಟ ಆಯ್ತು, ನಮ್ಮನೆಗೆ ಮಾತ್ರ ಲಾಭ. ಇವಳು ಬೈದ್ರೆ ಹೊಲಿಗೆ ಮಿಷನ್ ಸದ್ದಲ್ಲಿ ಕೇಳಿಸೋದೇ ಇಲ್ಲ." ಅಕ್ಕ ಅದಕ್ಕೆ ಉತ್ತರವಾಗಿ ಮಿಷನ್ನಿನ ತಂತಿಯನ್ನೇ ಕಿತ್ತು ನಿಲ್ಲಿಸಿ, ಬಳಿ ಹೋಗಿ ಕಿವಿಯಲ್ಲೇ ಬೈದು ಬರುತ್ತಾರಂತೆ. ಆ ಗಂಡನೇ ಒಂದು ದಿನ ಕೈಹಿಡಿದು ಇದೇ ಮೆಟ್ಟಿಲು ಹತ್ತಿಸಿ, ಇವಳಿಗೆ ಇಲ್ಲಿ ಇನ್ಯಾವುದಾದರೂ ಕೆಲಸವಿದೆಯೇ ಎಂದು ಕೇಳಿದ್ದು. ಆಗ ಸಂಸ್ಥೆಗೆ ಯಂತ್ರದ ದನಿ ಹೊಸದಾಗಿ ಬಂದಿತ್ತು. ಎಲ್ಲಿ ನಿಲ್ಲಬೇಕು, ಎಲ್ಲಿ ಒತ್ತಬೇಕು ಎಂಬುದು ಅದಕ್ಕೆ ತಿಳಿಯುತ್ತಿರಲಿಲ್ಲ. ಅಕ್ಕನಿಗೆ ತಿಳಿದಿತ್ತು.

ಎದುರು ಮೇಜಿನಲ್ಲಿ ಕೂರುವವರು ಕಿವಿಯಣ್ಣ. ಹುಟ್ಟಿನಿಂದ ಕಣ್ಣು ಕಾಣದ ಇವರ ಕೆಲಸ, ಸಿದ್ಧವಾದ ಪ್ರತಿ ಪುಸ್ತಕವನ್ನೂ ಕೇಳಿ ತಪ್ಪು ಹಿಡಿಯುವುದು. ಯಂತ್ರವನ್ನು ಎಷ್ಟು ವೇಗದಲ್ಲಿ ಓದಿಸುತ್ತಾರೆಂದರೆ ಪಕ್ಕದವರಿಗೆ ಅದು ಕಡಲೆ ಹುರಿದ ಸದ್ದಿನಂತೆ ಕೇಳುತ್ತದೆ. ಅಕ್ಕನನ್ನು ರೇಗಿಸದೆ ಇವರಿಗೆ ದಿನ ಶುರುವಾಗುವುದಿಲ್ಲ.

"ಏನಕ್ಕಾ, ಇವತ್ತು ಯಾರ್ಯಾರ ಬಾಯಿ ಮುಚ್ಚಿಸ್ದೆ?"

"ನಿನ್ನದೊಂದು ಬಿಟ್ಟು ಎಲ್ಲರದ್ದೂ."

"ನನ್ನ ಬಾಯಿ ಮೂರನೇ ರಾಶಿ. ಮುಟ್ಟಬೇಡ!"

ಇಷ್ಟು ಜಾಗ್ರತೆಯಿದ್ದ ಈ ಇಬ್ಬರ ನಡುವಿನಿಂದಲೇ ಕಳೆದ ಚಳಿಗಾಲ ಒಂದು ತಪ್ಪು ನುಸುಳಿ ಹೋಯಿತು.

ಆಸ್ಪತ್ರೆಯೊಂದರ ಟೆಲಿಫೋನ್ ಆಪರೇಟರ್ ಆಗಿರುವ ಹೆಣ್ಣುಮಗಳು ಬಹಳ ಕಾಲದಿಂದ ಅಕ್ಕನ ಕೇಳುಗಿತ್ತಿ. ಆಕೆಗೂ ಕಣ್ಣು ಕಾಣದು. ಆಕೆಯ ಗಂಡ ಗಣಿತದ ಮೇಷ್ಟ್ರು, ಅವರಿಗೂ ಕಾಣದು. ಚೊಚ್ಚಲ ಹೆರಿಗೆಗೆ ದಿನ ಹತ್ತಿರವಿದ್ದಾಗ ಆಸ್ಪತ್ರೆಯವರು ಶಿಶುಪಾಲನೆಯ ಕೈಪಿಡಿಯೊಂದನ್ನು ಕೊಟ್ಟರು. ಆಕೆ ಅದನ್ನು ಇಲ್ಲಿಗೆ ಕಳಿಸಿ, "ಅಕ್ಕಾ, ಮಗು ಬರೋದ್ರೊಳಗೆ ಪುಸ್ತಕ ಬರ್ಲಿ" ಎಂದು ಕೇಳಿಕೊಂಡಿದ್ದಳು. ಅದೇ ವಾರ ಕಿವಿಯಣ್ಣನಿಗೆ ಕಿವಿ ಸೋರಿ, ವೈದ್ಯರು ಎರಡಕ್ಕೂ ಹತ್ತಿ ಇಟ್ಟು ಮನೆಯಲ್ಲಿ ಕೂರಿಸಿದ್ದರು. ಮಗು ಕಾಯುವುದಿಲ್ಲವಲ್ಲ ಎಂದು ಅಕ್ಕ ತಾವೇ ಅಲ್ಲಲ್ಲಿ ಕೇಳಿ ನೋಡಿ, ಕೈಪಿಡಿಯನ್ನು ಕಳಿಸಿಬಿಟ್ಟರು.

ಹತ್ತಿ ತೆಗೆದ ಮೇಲೆ ಕಿವಿಯಣ್ಣ ಬಾಕಿ ಪುಸ್ತಕಗಳನ್ನೆಲ್ಲ ಕೇಳತೊಡಗಿದರು. ಮಧ್ಯಾಹ್ನ ಊಟದ ಡಬ್ಬಿ ಬಿಚ್ಚುವ ಹೊತ್ತಿಗೆ ಅವರ ಯಂತ್ರ ತಟ್ಟನೆ ನಿಂತಿತು.

"ಅಕ್ಕಾ, ಈ ಮಗುವಿನ ಪುಸ್ತಕ ಇದ್ಯಲ್ಲ, ನಿದ್ದೆ ಅನ್ನೋ ಅಧ್ಯಾಯದಲ್ಲಿ ಬರೀ ತಲೆಗಳಪ್ಪ. ಒಂದು ತಲೆಬರಹ, ಅದರ ಕೆಳಗೆ ಇನ್ನೊಂದು, ಅದರ ಕೆಳಗೆ ಮತ್ತೊಂದು. ಒಂದಕ್ಕೂ ಮುಂಡ ಇಲ್ಲ."

"ಏನಂತಿವೆ ತಲೆಗಳು?"

ಕಿವಿಯಣ್ಣ ನಿಧಾನ ಮಾಡಿ ಕೇಳಿಸಿದರು. ಮಗುವನ್ನು ಯಾವಾಗಲೂ ಬೆನ್ನಮೇಲೆಯೇ ಮಲಗಿಸಿ. ಬೋರಲು ಮಲಗಿಸಬೇಡಿ. ಮಗುವಿನ ಹಾಸಿಗೆಯಲ್ಲಿ ದಿಂಬು, ದಪ್ಪ ಹೊದಿಕೆ ಇಡಬೇಡಿ.

ಅಕ್ಕ ಡಬ್ಬಿ ಸರಿಸಿ ಅಚ್ಚಿನ ಪುಟ ತೆರೆದು ನೋಡಿದರು. ಆ ಪುಟವೇ ಅಂಥದ್ದು. ಎಚ್ಚರಿಕೆಯ ಮಾತುಗಳನ್ನು ಒಂದೊಂದೇ ಸಾಲಾಗಿ, ದೊಡ್ಡಕ್ಷರದಲ್ಲಿ, ಪುಟದ ನಡುಮಧ್ಯೆ ಅಚ್ಚು ಹಾಕಿದ್ದರು. ನೋಡಲು ಥೇಟ್ ತಲೆಬರಹ. ಪಳಗಿದ ಕೈ ಅವನ್ನು ಮೂರನೇ ರಾಶಿಗೆ ಹಾಕುವ ಬದಲು ಮೊದಲನೆಯದಕ್ಕೆ ಹಾಕಿ, ತಲೆಬರಹದ ಗುರುತು ಅಂಟಿಸಿಬಿಟ್ಟಿತ್ತು. ತಲೆಬರಹ ಬೇಡವೆಂದು ಬಿಟ್ಟು ಕೇಳುವ ಕೇಳುಗರು ಎಷ್ಟೋ ಮಂದಿ. ಅಂಥವರ ಪಾಲಿಗೆ ಆ ಅಧ್ಯಾಯದಲ್ಲಿ ಒಂದು ಎಚ್ಚರಿಕೆಯೂ ಇಲ್ಲ.

ಕೂಸು ಹುಟ್ಟಿ ಆಗಲೇ ವಾರ ಕಳೆದಿತ್ತು. ಅಕ್ಕ ಫೋನು ಹಚ್ಚಿದರು. ಸ್ವಿಚ್ ಆಫ್. ಗಂಡನದ್ದೂ ಅಷ್ಟೇ. ಸಂದೇಶ ಕಳಿಸಿದರೆ ಉತ್ತರವಿಲ್ಲ. "ಬಾಣಂತಿ ಮನೆ ಅಕ್ಕ, ಮಗು ಮಲಗಿದೆ ಅಂತ ಆಫ್ ಮಾಡಿರ್ತಾರೆ," ಎಂದರು ಕಿವಿಯಣ್ಣ. ಆ ಮಾತಿಗೆ ಅಕ್ಕ ತಟ್ಟನೆ ಎದ್ದು ನಿಂತರು. ಮಲಗಿದೆ ಸರಿ, ಹೇಗೆ ಮಲಗಿದೆ?

ಡಬ್ಬಿಗಳು ಮುಚ್ಚಳ ತೆರೆದುಕೊಂಡೇ ಉಳಿದವು. ಅಕ್ಕ ಕಿವಿಯಣ್ಣನ ಕೈ ಹಿಡಿದು ಮೆಟ್ಟಿಲಿಳಿದು, ಸಿಕ್ಕಿದ ಬಸ್ಸು ಹತ್ತಿದರು. ಬಸ್ಸು ಪ್ರತಿ ನಿಲ್ದಾಣದಲ್ಲೂ ಸಾವಕಾಶವಾಗಿ ನಿಂತು, ಯಾರೂ ಹತ್ತದಿದ್ದರೂ ಬಾಗಿಲು ತೆರೆದು ಮುಚ್ಚಿ ಹೊರಡುತ್ತಿತ್ತು. "ಡ್ರೈವರ್‌ಗೆ ಸ್ವಲ್ಪ ಕೂಗಿ ಹೇಳೋ," ಎಂದು ಅಕ್ಕ ಪಿಸುಗುಟ್ಟಿದರೆ ಕಿವಿಯಣ್ಣ, "ಏನಂತ ಕೂಗ್ಲಿ? ತಲೆಬರಹ ತಪ್ಪಾಗಿದೆ, ಬೇಗ ಹೋಗಿ ಅಂತಲೇ?" ಎಂದರು. ನಗಿಸಲೆಂದು ಹೇಳಿದ್ದಷ್ಟೆ. ಇಬ್ಬರೂ ನಗಲಿಲ್ಲ.

ಆಪರೇಟರ್ ಹೆಣ್ಣುಮಗಳ ಮನೆ ಮೂರನೇ ಮಹಡಿಯಲ್ಲಿ. ಮೆಟ್ಟಿಲು ಹತ್ತುವಾಗಲೇ ಒಳಗಿನ ಜಗಳ ಕಿವಿಗೆ ಬಿತ್ತು.

"ಪುಸ್ತಕದಲ್ಲಿ ಇದೆ ಅಂದ್ರೆ ಇದೆ ಕಣ್ರೀ!"

"ಎಲ್ಲಿದೆ ಹೇಳು! ಮೊದಲಿಂದ ಕೊನೇವರೆಗೆ ಎರಡು ಸಲ ಕೇಳಿದೀನಿ. ಬೋರಲು ಮಲಗಿಸಬಾರದು ಅಂತ ಒಂದು ಕಡೆನೂ ಇಲ್ಲ. ಪಕ್ಕದ ಮನೆ ಅಜ್ಜಿ ಹೇಳಿದ್ದಾರೆ, ಬೋರಲು ಹಾಕಿದ್ರೆ ಗಾಢ ನಿದ್ದೆ ಬರುತ್ತೆ ಅಂತ. ನೀನು ಎಷ್ಟು ದಿನ ಅಂತ ಹೀಗೆ ರಾತ್ರಿಯೆಲ್ಲ ಎದ್ದು ಕೂರ್ತೀಯ?"

"ನಾನು ಬೇಕಾದ್ರೆ ವರ್ಷ ಕೂರ್ತೀನಿ. ಮಗು ಕೊಡಿ ಇಲ್ಲಿ."

"ಆಧಾರ ತೋರ್ಸು, ಕೊಡ್ತೀನಿ."

ಅಕ್ಕ ಕೂಗಲು ಬಾಯಿ ತೆರೆದರು. ಗಾಳಿ ಬಂತು. ಎರಡೂ ಅಂಗೈಯಿಂದ ಬಾಗಿಲು ಬಡಿದರು. ಬಾಗಿಲು ತೆರೆದದ್ದು ಬಾಣಂತಿ. ಅವಳ ಹಿಂದೆ, ತೊಟ್ಟಿಲಂಥ ಪುಟ್ಟ ಮಂಚದ ಪಕ್ಕದಲ್ಲಿ, ಮಗುವನ್ನು ಹೆಗಲಿಗೆ ಹಾಕಿಕೊಂಡು ಮೇಷ್ಟ್ರು ನಿಂತಿದ್ದರು. ಮಗು ಅಪ್ಪನ ಕುತ್ತಿಗೆಗೆ ಮೂಗೊತ್ತಿಕೊಂಡು, ಲೋಕದ ಗೊಡವೆಯೇ ಬೇಡವೆಂಬಂತೆ ನಿದ್ದೆ ಹೋಗಿತ್ತು. ಅದರ ಬೆನ್ನು ಏರುತ್ತಿತ್ತು, ಇಳಿಯುತ್ತಿತ್ತು. ಅಕ್ಕ ಬಾಗಿಲ ಚೌಕಟ್ಟು ಹಿಡಿದು ಅಲ್ಲೇ ಹೊಸ್ತಿಲ ಮೇಲೆ ಕೂತುಬಿಟ್ಟರು.

"ಯಾರು?" ಎಂದರು ಮೇಷ್ಟ್ರು.

ಅಕ್ಕ ಮಾತಾಡಿದರು. ಆ ಪಿಸುದನಿ ಕೇಳಿಸಬೇಕಾದರೆ ಜಗಳ ನಿಲ್ಲಿಸಲೇಬೇಕು. ಗಂಡ ಹೆಂಡತಿ ಇಬ್ಬರೂ ಉಸಿರು ಬಿಗಿಹಿಡಿದು ದನಿಯತ್ತ ಮುಖ ತಿರುಗಿಸಿದರು.

"ಇಬ್ರೂ ಸರಿ ಕಣಪ್ಪ. ತಪ್ಪು ನಂದು. ಆ ಮಾತು ಪುಸ್ತಕದಲ್ಲಿದೆ. ಬೋರಲು ಮಲಗಿಸಬಾರದು. ಮಗೂನ ಬೆನ್ನಮೇಲೇ ಮಲಗಿಸು."

ಮೇಷ್ಟ್ರು ಮೊಣಕಾಲೂರಿ, ಮಂಚದ ಅಂಚನ್ನು ತಡವಿ, ಮಗುವನ್ನು ಬೆನ್ನಮೇಲೆ ಮಲಗಿಸಿದರು. ಆಮೇಲೆ ತಲೆಯ ಬಳಿಯಿದ್ದ ಮೆತ್ತನೆಯ ದಿಂಬನ್ನು ಮುಟ್ಟಿ, "ಇದು?" ಎಂದು ಕೇಳಿದರು. "ಅದೂ ಬೇಡ," ಎಂದರು ಅಕ್ಕ. ದಿಂಬು ಹೊರಗೆ ಬಂತು.

ಆಮೇಲೆ ಗಂಟು ಬಿಚ್ಚಿತು. ಬಾಣಂತಿಗೆ ಪೂರ್ತಿ ಪುಸ್ತಕ ಕೇಳುವ ಪುರಸೊತ್ತು ಎಲ್ಲಿ? ಒಂದು ಕೈಯಲ್ಲಿ ಮಗು, ಇನ್ನೊಂದರಲ್ಲಿ ಫೋನು, ತಲೆಬರಹದಿಂದ ತಲೆಬರಹಕ್ಕೆ ಹಾರುತ್ತ ಹೋಗಿದ್ದಳು. ಹಾಗಾಗಿ ಆ ಅಧ್ಯಾಯದಲ್ಲಿ ಅವಳಿಗೆ ಕೇಳಿಸಿದ್ದು ಎಚ್ಚರಿಕೆಗಳು ಮಾತ್ರ. ಮೇಷ್ಟ್ರಿಗೆ ನಡುನಡುವೆ ತಲೆಬರಹ ಬಂದರೆ ಯೋಚನೆಯ ಎಳೆ ಕಡಿಯುತ್ತದಂತೆ. ಅವನ್ನೆಲ್ಲ ಬಿಟ್ಟು ಒಳಗಿನ ಮಾತು ಕೇಳಿದ್ದರು. ಅವರಿಗೆ ಎಚ್ಚರಿಕೆಗಳನ್ನು ಬಿಟ್ಟು ಉಳಿದೆಲ್ಲವೂ ಕೇಳಿಸಿತ್ತು. ಒಂದೇ ಮನೆ, ಒಂದೇ ಪುಸ್ತಕ. ಹೆಂಡತಿಗೆ ಅದು ಹೇಳಿದ್ದನ್ನು ಗಂಡನಿಗೆ ಹೇಳಿರಲೇ ಇಲ್ಲ.

"ಅಲ್ಲಕ್ಕಾ, ನೀವು ಬೇಕಂತಲೇ ಹಾಗೆ ಮಾಡಿದೀರಿ ಅಂದ್ಕೊಂಡೆ," ಎಂದಳು ಬಾಣಂತಿ. "ಎಷ್ಟು ಒಳ್ಳೇ ಉಪಾಯ, ಮುಖ್ಯವಾದದ್ದೆಲ್ಲ ತಲೆಗೇ ಹಾಕಿದ್ದಾರೆ ಅಂತ."

"ಉಪಾಯ ಅಲ್ಲ ತಾಯಿ, ಕಣ್ಣು ಕೆಟ್ಟಿತ್ತು ನಂಗೆ."

"ಕಣ್ಣಿದ್ರೆ ಇದೇ ಗೋಳು ನೋಡು," ಎಂದರು ಕಿವಿಯಣ್ಣ. ಆಗ ಮಾತ್ರ ಎಲ್ಲರೂ ನಕ್ಕರು. ಮೇಷ್ಟ್ರು ನಗುವಿನ ನಡುವೆಯೇ ಮುಖ ಆಚೆ ತಿರುಗಿಸಿಕೊಂಡು ಬಹಳ ಹೊತ್ತು ಮಗುವಿನ ಅಂಗಾಲನ್ನು ಹಿಡಿದು ಕೂತಿದ್ದರು.

ಅಚ್ಚಿನ ಪ್ರತಿಯ ಜೊತೆ ತಿದ್ದಿದ ಕೈಪಿಡಿ ಮರುದಿನವೇ ಆ ಮನೆಗೆ ಹೋಯಿತು. ಈಗ ಅದರಲ್ಲಿ ಎಚ್ಚರಿಕೆಗಳು ಎರಡು ಕಡೆ ಇವೆ. ಹಾರುವವರಿಗಾಗಿ 'ಎಚ್ಚರಿಕೆಗಳು' ಎಂಬ ಒಂದು ತಲೆಬರಹದ ಕೆಳಗೆ, ಬಿಡದೆ ಕೇಳುವವರಿಗಾಗಿ ಮಾತಿನ ನಡುವೆ, ಅವುಗಳ ಜಾಗದಲ್ಲೇ. ತಡವಾದರೂ ಸರಿ, ಕಿವಿಯಣ್ಣನ ಕಿವಿ ದಾಟದೆ ಯಾವ ಪುಸ್ತಕವೂ ಹೊಸ್ತಿಲು ದಾಟುವುದಿಲ್ಲ. ಹಳೆಯ ಪುಸ್ತಕಗಳಲ್ಲೂ ಮುಂಡವಿಲ್ಲದ ತಲೆಗಳಿವೆಯೇ ಎಂದು ಇಬ್ಬರೂ ಒಂದು ತಿಂಗಳು ಹುಡುಕಿದರು. ಸಿಕ್ಕಿದ್ದು ಒಂದೇ ಒಂದು, ಕೂದಲಿಗೆ ಬಣ್ಣ ಹಚ್ಚುವ ಪೊಟ್ಟಣದ ಜೊತೆ ಬರುವ ಪುಟ್ಟ ಪುಸ್ತಿಕೆಯಲ್ಲಿ: ಚರ್ಮಕ್ಕೆ ತಾಗಿಸಬೇಡಿ.

"ಅದನ್ನ ತರಿಸಿಕೊಂಡಿದ್ದು ನಾನೇ ಕಣಕ್ಕ!" ಎಂದು ಕಿವಿಯಣ್ಣ ಮೇಜು ಕುಟ್ಟಿದರು. "ಹಣೆಗೆಲ್ಲ ಕಪ್ಪು ಮೆತ್ಕೊಂಡು ವಾರ ಓಡಾಡಿದೆ. ಎಲ್ಲರೂ ನೋಡಿ ಸುಮ್ಮನಿದ್ರಿ!"

"ನಾವು ಹೊಸ ಫ್ಯಾಷನ್ ಅಂದ್ಕೊಂಡ್ವಿ," ಎಂದರು ಅಕ್ಕ.

ಬಿಸಿಲು ಈಗ ಎರಡು ಪದರದ ಕಿಟಕಿಯನ್ನು ದಾಟಿ ಮೇಜಿಗೆ ಬಂದಿದೆ. ಅಕ್ಕನ ಮುಂದಿರುವುದು ಒಲೆಯೊಂದರ ಕೈಪಿಡಿ. ಪುಟದ ನಡುಮಧ್ಯೆ ದೊಡ್ಡಕ್ಷರದ ಒಂಟಿ ಸಾಲು ಕಂಡಾಗ ಕೈ ಕೀಲಿಯ ಮೇಲೇ ನಿಲ್ಲುತ್ತದೆ. ಅದರ ಕೆಳಗಿನ ಸಾಲು ಓದುತ್ತಾರೆ, ಮೇಲಿನದು ಓದುತ್ತಾರೆ. ಕಣ್ಣು ಮುಚ್ಚಿ ಒಮ್ಮೆ ತಲೆಬರಹ ಬಿಟ್ಟು ಕೇಳುತ್ತಾರೆ, ಒಮ್ಮೆ ತಲೆಬರಹ ಮಾತ್ರ ಕೇಳುತ್ತಾರೆ. ಕೆಲಸ ಹಿಂದಿಗಿಂತ ನಿಧಾನವಾಗಿದೆ. ಸಂಸ್ಥೆಯ ಮೇಲಿನವರು ಒಂದೆರಡು ಸಲ ಗೊಣಗಿ ಸುಮ್ಮನಾಗಿದ್ದಾರೆ.

ಆ ಮಗು ಈಗ ಗೋಡೆ ಹಿಡಿದು ನಿಲ್ಲುತ್ತದೆ. ಕಣ್ಣು ಚುರುಕಾಗಿದೆ, ಕಂಡದ್ದಕ್ಕೆಲ್ಲ ಕೈ ಚಾಚುತ್ತದೆ ಎಂದು ತಾಯಿ ಆಗಾಗ ಫೋನು ಮಾಡಿ ಹೇಳುತ್ತಾಳೆ. ಆ ಮಗುವಿನ ಮಾತು ಬಂದರೆ ಅಕ್ಕನ ಪಿಸುದನಿ ಇನ್ನೂ ಇಳಿಯುತ್ತದೆ, ಬಾಗಿ ಕೇಳಬೇಕಾಗುತ್ತದೆ. ನಿಮಗೇನು ಆಸೆ ಎಂದು ಕೇಳಿದರೆ, ಸೆರಗಿನಿಂದ ಕೀಲಿಮಣೆಯ ಧೂಳು ಒರೆಸುತ್ತ ಹೇಳುತ್ತಾರೆ:

"ಅದು ಬೆಳೆದು ಓದೋಕೆ ಕಲಿಯುತ್ತಲ್ಲ, ಒಂದಿನ ಮನೆಯಲ್ಲಿ ಆ ಅಚ್ಚಿನ ಕೈಪಿಡಿ ಅದರ ಕೈಗೆ ಸಿಗ್ಲಿ. ಅಪ್ಪ ಅಮ್ಮನ ಮಧ್ಯೆ ಕೂತು ಗಟ್ಟಿಯಾಗಿ ಓದ್ಲಿ. ಅವರಿಬ್ರೂ ಪ್ರತಿ ಸಾಲಿಗೂ 'ಗೊತ್ತು ಮಗಾ, ನಮಗೆ ಗೊತ್ತು, ಮುಂದೆ ಓದು' ಅನ್ನಬೇಕು. ಅಷ್ಟೇ."